ಡಿಪೋದಲ್ಲಿ ಅಕ್ಕನ ಹೆಸರು ಗೋಲ್‌ಕೀಪರ್

ಬಸ್ ಡಿಪೋದಲ್ಲಿ ಸೀಟು ಹೊಲಿಯುವವನನ್ನು ಎಲ್ಲರೂ ‘ರೇಡಿಯೊ’ ಎಂದೇ ಕರೆಯುತ್ತಿದ್ದರು. ಹರಿದ ರೆಕ್ಸಿನ್ ಬಿಚ್ಚಿ, ಒಳಗಿನ ಸ್ಪಂಜು ಬದಲಿಸಿ, ದಪ್ಪ ಸೂಜಿಯಲ್ಲಿ ಅಂಚು ಹೊಲಿಯುತ್ತ ಕೂತರೆ ಕೈಯಷ್ಟೇ ಚುರುಕಾಗಿ ಅವನ ಬಾಯಿಯೂ ಓಡುತ್ತಿತ್ತು. ವಯಸ್ಸು ಐವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಮನೆಯಲ್ಲಿ ಅವನೂ ಅಕ್ಕನೂ ಇಬ್ಬರೇ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದ ಅಕ್ಕ ಮೊದಲ ದಿನವೇ ಅಡುಗೆಮನೆ ವಹಿಸಿಕೊಂಡಿದ್ದಳು. ಆಮೇಲೆ ಅವನನ್ನು ಒಲೆಯ ಹತ್ತಿರ ಸುಳಿಯಲು ಬಿಟ್ಟಿರಲಿಲ್ಲ.

ಮಧ್ಯಾಹ್ನವಾದರೆ ಕೆಟ್ಟು ನಿಂತ ಹಳೆಯ ಬಸ್ಸಿನ ನೆರಳಲ್ಲಿ ನಾಲ್ವರ ಕೂಟ ಸೇರುತ್ತಿತ್ತು. ರಿಪೇರಿಗೆ ಬಂದ ಸೀಟುಗಳನ್ನೇ ನೆಲಕ್ಕೆ ಹಾಕಿ ಕೂರುತ್ತಿದ್ದರು. ಟೈರ್ ವಿಭಾಗದ ಹಿರಿಯ, ಅವನು ಎಲ್ಲರಿಗೂ ಟೈರಣ್ಣ. ದೊಡ್ಡ ಗಂಟಲಿನ ಒಬ್ಬ ಡ್ರೈವರು. ಹೆಂಡತಿಯ ಖಾರಕ್ಕೆ ಹೆದರಿ ಎರಡು ಬಾಟಲಿ ನೀರು ತರುವ ಎಲೆಕ್ಟ್ರಿಷಿಯನ್. ಮತ್ತೆ ರೇಡಿಯೊ. ಡಬ್ಬಿಯ ಮುಚ್ಚಳ ತೆಗೆಯುವುದಕ್ಕೂ ಫುಟ್‌ಬಾಲ್ ಮಾತು ಶುರುವಾಗುವುದಕ್ಕೂ ಸರಿಹೋಗುತ್ತಿತ್ತು. ಡಿಪೋಗೆ ತನ್ನದೇ ತಂಡವಿತ್ತು. ಆ ತಂಡ ಗೆದ್ದದ್ದು ಯಾವಾಗ ಎಂಬುದರ ಬಗ್ಗೆ ಮಾತ್ರ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು.

“ಮೊನ್ನೆ ಮ್ಯಾಚಲ್ಲಿ ನಮ್ಮ ಗೋಲ್‌ಕೀಪರ್ ಏನಪ್ಪಾ ಮಾಡ್ತಿದ್ದ?” ಎಂದ ಡ್ರೈವರು ಒಂದು ದಿನ.

“ಚೆಂಡಿಗೆ ಸೈಡ್ ಕೊಡ್ತಿದ್ದ. ನಿನಗಿಂತ ಒಳ್ಳೆ ಡ್ರೈವರ್ ಅವನು,” ಎಂದ ಟೈರಣ್ಣ.

ರೇಡಿಯೊ ಸುಮ್ಮನಿರುತ್ತಾನೆಯೇ? “ನಮ್ಮಕ್ಕನ್ನ ನಿಲ್ಲಿಸ್ಬೇಕಿತ್ತು. ಇಷ್ಟು ವರ್ಷದಲ್ಲಿ ಸಾರಿನೊಳಗೆ ಒಂದು ಹರಳು ಉಪ್ಪು ನುಗ್ಗೋಕೆ ಬಿಟ್ಟಿಲ್ಲ ಅವಳು. ಚೆಂಡು ಬಿಡ್ತಾಳಾ?”

ಎಲೆಕ್ಟ್ರಿಷಿಯನ್‌ಗೆ ಕುಡಿಯುತ್ತಿದ್ದ ನೀರು ನೆತ್ತಿಗೇರಿತು. ಅಂದಿನಿಂದ ಅವನ ಅಕ್ಕ ಡಿಪೋದವರ ಬಾಯಲ್ಲಿ ‘ಗೋಲ್‌ಕೀಪರ್’ ಆದಳು. ನಗು ಬಂದಲ್ಲಿ ಮಾತು ಬೆಳೆಯುತ್ತದೆ. ರೇಡಿಯೊ ದಿನಕ್ಕೊಂದು ಹೊಸದು ಹೊಸೆದು ತರತೊಡಗಿದ. ಅಕ್ಕನ ರೊಟ್ಟಿಯನ್ನು ಟೈರಣ್ಣನ ಕೈಗೆ ಕೊಟ್ಟು, “ಬಸ್ಸಿಗೆ ಹಾಕಿ ನೋಡಣ್ಣ, ಪಂಕ್ಚರ್ ಆದ್ರೆ ಹೇಳು,” ಎನ್ನುತ್ತಿದ್ದ. ಟೈರಣ್ಣ ಅದನ್ನು ಬೆರಳಲ್ಲಿ ತಟ್ಟಿ, ಕಿವಿಗಿಟ್ಟು, “ಗಾಳಿ ಸರಿಯಾಗಿದೆ,” ಎನ್ನುತ್ತಿದ್ದ.

ರೇಡಿಯೊ ಹೇಳದೆ ಬಿಟ್ಟ ಮಾತು ಬೇರೆಯೇ ಇತ್ತು. ರಕ್ತದೊತ್ತಡ ಇದ್ದದ್ದು ಅವನಿಗೆ. ಉಪ್ಪು ಮುಟ್ಟಬೇಡ ಎಂದು ಡಾಕ್ಟರು ಎಚ್ಚರಿಸಿದ್ದು ಅವನನ್ನು. ಒಬ್ಬನಿಗೆ ಸಪ್ಪೆ ಬಡಿಸಿ ತಾನು ರುಚಿಯಾಗಿ ಉಣ್ಣುವುದು ಹೇಗೆಂದು ಅಕ್ಕನೂ ಅದನ್ನೇ ಉಣ್ಣುತ್ತಿದ್ದಳು. ಇನ್ನು ರೊಟ್ಟಿ: ಬಚ್ಚಲಲ್ಲಿ ಜಾರಿ ಬಿದ್ದು ಮುರಿದ ಅವಳ ಬಲಗೈ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು, ಹಿಟ್ಟು ನಾದಲು ಬಲವಿಲ್ಲದೆ ರೊಟ್ಟಿ ಗಟ್ಟಿಯಾಗುತ್ತಿತ್ತು. ಇದೆಲ್ಲ ಹೇಳಿದರೆ ನಗು ಎಲ್ಲಿ ಬರುತ್ತದೆ? ಅಲ್ಲದೆ ತನಗೆ ಕಾಯಿಲೆ ಎಂದು ಗೆಳೆಯರಿಗೆ ಗೊತ್ತಾಗುವುದು ಅವನಿಗೆ ಬೇಡವಾಗಿತ್ತು.

ಒಂದು ದಿನ ಡಬ್ಬಿಯನ್ನು ಮನೆಯಲ್ಲೇ ಮರೆತು ಬಂದ. ಊಟದ ಹೊತ್ತಿಗೆ ಗೇಟಿನ ಕಾವಲುಗಾರನ ಹಿಂದೆ ಅಕ್ಕ ಬಂದಳು. ಕೈಯಲ್ಲಿ ಡಬ್ಬಿ, ಮುಖದ ತುಂಬ ಬೆವರು. ಇದುವರೆಗೆ ಅವಳು ಡಿಪೋ ಒಳಗೆ ಕಾಲಿಟ್ಟವಳಲ್ಲ.

“ನಮ್ಮ ತಮ್ಮ… ಸೀಟು ಹೊಲಿಯೋನು…” ಎಂದಳು ಸಂಕೋಚದಿಂದ.

ಡ್ರೈವರು ಎದ್ದೇ ನಿಂತ. “ಓಹೋ! ಬನ್ನಿ ಬನ್ನಿ ಗೋಲ್‌ಕೀಪರ್ ಅಕ್ಕಾ! ನಿಮ್ಮನ್ನ ನೋಡ್ಬೇಕು ಅಂತ ಎಷ್ಟು ದಿನದಿಂದ ಕಾಯ್ತಿದ್ವಿ!”

“ಯಾವ ಕೀಪರು?”

ಡ್ರೈವರಿಗೆ ಕೆಟ್ಟ ಮನಸ್ಸಿರಲಿಲ್ಲ. ತಮ್ಮ ಹೊರಗೆ ಆಡುವ ಮಾತು ಅಕ್ಕನಿಗೆ ಗೊತ್ತೇ ಇರುತ್ತದೆ ಎಂದುಕೊಂಡಿದ್ದ. ಉಪ್ಪಿನದು ಹೇಳಿದ. ಎಲೆಕ್ಟ್ರಿಷಿಯನ್ ಪಂಕ್ಚರಿನದು ಹೇಳಿದ, ಅಭಿನಯದ ಸಮೇತ. ರೇಡಿಯೊ ಕೈಯಲ್ಲಿ ಸೂಜಿ ಹಿಡಿದು ನಿಂತಿದ್ದ. ‘ಸಾಕು ಬಿಡ್ರೋ’ ಎನ್ನಬೇಕೆಂದುಕೊಂಡವನು ದಾರವನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದ. ಅಕ್ಕನ ಸೊಟ್ಟ ಮಣಿಕಟ್ಟು ಅವನ ಕಣ್ಣೆದುರೇ ಇತ್ತು. ಬೇರೆ ಯಾರೂ ಅದನ್ನು ಗಮನಿಸಿರಲಿಲ್ಲ.

ಅಕ್ಕ ನಕ್ಕಳು, ಎಲ್ಲರಿಗಿಂತ ತುಸು ಹೆಚ್ಚು ಹೊತ್ತೇ. ಆಮೇಲೆ ಕಣ್ಣೊರೆಸಿಕೊಂಡು, “ಇಷ್ಟೆಲ್ಲ ಮಾತಾಡ್ತಾನಾ ಇವನು? ಮನೇಲಿ ಬಾಯೇ ಬಿಡಲ್ಲ ನೋಡಿ,” ಎಂದಳು. ಡಬ್ಬಿಯನ್ನು ಸೀಟಿನ ಮೇಲಿಟ್ಟು, “ಆರೋಗುತ್ತೆ, ತಿನ್ನು,” ಎಂದು ಬಂದ ದಾರಿಯಲ್ಲೇ ಹೋದಳು.

ಭೂಮಿ ಬಾಯಿ ಬಿಡಬಾರದೇ ಎನಿಸಿತು ಅವನಿಗೆ. ಆ ಮಧ್ಯಾಹ್ನ ಹೊಲಿದ ಸೀಟು ಅಂಕುಡೊಂಕಾಗಿ, ಮತ್ತೆ ಬಿಚ್ಚಬೇಕಾಯಿತು.

ಸಂಜೆ ಬೇಕೆಂದೇ ಸುತ್ತು ದಾರಿ ಹಿಡಿದು ಮನೆಗೆ ಹೋದ. ಅಕ್ಕ ಎಂದಿನಂತೆ ತಟ್ಟೆ ಇಟ್ಟಳು. ತಟ್ಟೆಯ ಪಕ್ಕದಲ್ಲಿ ಉಪ್ಪಿನ ಡಬ್ಬಿ ಇತ್ತು.

“ಇದ್ಯಾಕೆ?”

“ಬೇಕಾದ್ರೆ ಹಾಕ್ಕೋ. ನಾನೇನು ಪೊಲೀಸಾ?” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಸಪ್ಪೆ ಸಾರನ್ನು ತಲೆ ತಗ್ಗಿಸಿಕೊಂಡು ಉಂಡ. ತಪ್ಪಾಯ್ತು ಎನ್ನಲು ಬಾಯಿ ತೆರೆದವನು ನೀರು ಕೇಳಿದ.

ಮರುದಿನ ಡಬ್ಬಿ ಬಿಚ್ಚಿದರೆ ರೊಟ್ಟಿ ಇರಲಿಲ್ಲ. ಅಂಗಡಿಯ ಮೆತ್ತನೆ ಬ್ರೆಡ್ಡು, ಬೇಯಿಸಿದ ಮೊಟ್ಟೆ. ಅದರ ಮರುದಿನವೂ ಅದೇ.

“ಏನಪ್ಪಾ, ಗೋಲ್‌ಕೀಪರ್‌ಗೆ ಕೆಂಪು ಕಾರ್ಡಾ?” ಎಂದ ಎಲೆಕ್ಟ್ರಿಷಿಯನ್.

ರೇಡಿಯೊ ಬ್ರೆಡ್ಡನ್ನು ಕೆಳಗಿಟ್ಟ. “ನನಗೆ ಬಿಪಿ ಇದೆ. ಅದಕ್ಕೇ ಉಪ್ಪು ಹಾಕಲ್ಲ ಅವಳು,” ಎಂದ.

ಡ್ರೈವರು ತೊಡೆ ತಟ್ಟಿಕೊಂಡು ನಕ್ಕ. “ಬಿಪಿನಾ? ನಿನಗಾ? ದಿನಾ ನಿನ್ನ ಮಾತು ಕೇಳೋ ನಮಗೆ ಬರ್ಬೇಕು ಕಣಯ್ಯಾ ಅದು!”

“ನಿಜ ಹೇಳ್ತಿದ್ದೀನಿ. ಅವಳ ಕೈ ಮುರಿದಿತ್ತು. ನಾದೋಕೆ ಆಗಲ್ಲ…”

“ಮುಂದೆ? ಮುಂದೆ?” ಎಲೆಕ್ಟ್ರಿಷಿಯನ್ ನಗುವುದಕ್ಕೆ ಸಿದ್ಧವಾಗಿ ಮುಂದಕ್ಕೆ ಬಾಗಿದ.

“ಮುಂದೆ ಏನೂ ಇಲ್ಲ! ಜೋಕಲ್ಲ ಕಣ್ರೋ ಇದು!”

ಅವನ ಕೂಗಿಗೆ ಆಚೆ ಬಸ್ ತೊಳೆಯುತ್ತಿದ್ದವರೂ ತಿರುಗಿ ನೋಡಿದರು. ಡ್ರೈವರು ಡಬ್ಬಿಯೊಳಗೆ ಮುಖ ಹುದುಗಿಸಿದ. ಆ ದಿನ ಫುಟ್‌ಬಾಲ್ ಮಾತು ಮತ್ತೆ ಏಳಲಿಲ್ಲ. ಕೊನೆಗೆ ಟೈರಣ್ಣ ಕೈ ತೊಳೆಯುತ್ತ, “ನಾನು ಆ ರೊಟ್ಟಿನ ಕಿವಿಗೆ ಬೇರೆ ಇಟ್ಕೊಂಡೆನಲ್ಲೋ. ಮೊದಲೇ ಹೇಳೋಕೆ ಏನಾಗಿತ್ತು ನಿನಗೆ?” ಎಂದ. ಗೆಳೆಯರನ್ನೂ ತನ್ನ ಪಾಪದಲ್ಲಿ ಪಾಲುದಾರರನ್ನಾಗಿ ಮಾಡಿದ್ದು ರೇಡಿಯೊಗೆ ಆಗ ಹೊಳೆಯಿತು.

ಆ ಸಂಜೆ ನೇರ ಅಡುಗೆಮನೆಗೆ ಹೋಗಿ, “ಹಿಟ್ಟು ಎಲ್ಲಿದೆ?” ಎಂದ.

“ಯಾಕೆ?”

“ನಾನು ನಾದ್ತೀನಿ. ನೀನು ಬೇಯಿಸು.”

ಅಕ್ಕ ಪಾತ್ರೆ ಮುಂದಿಟ್ಟಳು. ನೀರು ಹೆಚ್ಚಾಗಿ ಹಿಟ್ಟು ಅವನ ಬೆರಳಿಗೆಲ್ಲ ಮೆತ್ತಿಕೊಂಡಿತು. ಹಿಟ್ಟಿನ ಮೇಲೇ ಕಣ್ಣಿಟ್ಟು ಅವನು, “ತಪ್ಪಾಯ್ತಕ್ಕಾ,” ಎಂದ.

ಅವಳು ಇನ್ನೊಂದು ಹಿಡಿ ಹಿಟ್ಟು ಉದುರಿಸಿದಳು. “ಆಡ್ಕೊಂಡಿದ್ದಕ್ಕೆ ಬೇಜಾರಿಲ್ಲ. ನೀನು ಹೇಳಿದ್ದು ಕೇಳಿ ನನಗೂ ನಗು ಬಂತು. ಇಲ್ಲಿ ಗೋಡೆ ನೋಡ್ಕೊಂಡು ಉಂಡು ಏಳ್ತೀಯ. ಉಪ್ಪಿಲ್ಲ ಅಂತ ಬೈಯೋಕಾದ್ರೂ ಒಂದು ಮಾತು ಆಡಿದ್ದೀಯಾ? ಅಲ್ಲಿ ಹೋಗಿ ನನ್ನನ್ನಿಟ್ಕೊಂಡು ಊರನ್ನೇ ನಗಿಸ್ತೀಯ. ನಾನೇನು ಪಾಪ ಮಾಡಿದ್ದೆ?”

ಅವನು ನಾದುತ್ತಲೇ ಇದ್ದ. ಅವಳು ಸಾಕು ಎಂದ ಮೇಲೂ ನಾದಿದ.

ಭಾನುವಾರ ಡಿಪೋ ತಂಡದ ಪಂದ್ಯವಿತ್ತು. ಬರ್ತೀಯಾ ಎಂದು ಕೇಳಲು ಅವನಿಗೆ ಎರಡು ದಿನ ಬೇಕಾಯಿತು. ಅಕ್ಕ ಬಂದಳು. ಡ್ರೈವರು ಓಡಿಬಂದು ಕುರ್ಚಿ ಹಾಕಿದ, “ಕೂತ್ಕೊಳ್ಳಿ ಅಕ್ಕಾ,” ಎಂದ. ಬೇರೆ ಹೆಸರು ಎತ್ತಲಿಲ್ಲ. ಟೈರಣ್ಣನ ಹೆಂಡತಿ ಪಕ್ಕದಲ್ಲಿ ಕೂತಳು. ತಂಡ ಮಾಮೂಲಿನಂತೆ ಸೋಲುತ್ತಿತ್ತು. ನಡುವೆ ಆ ಹೆಂಗಸರಿಬ್ಬರೂ ಯಾವುದಕ್ಕೋ ಬಿದ್ದು ಬಿದ್ದು ನಗುವುದು ಕೇಳಿಸಿತು. ಮೈದಾನದ ಗೆರೆಯ ಹತ್ತಿರ ನಿಂತಿದ್ದ ಅವನ ಕಿವಿ ಬಿಸಿಯಾಯಿತು. ತನ್ನ ಸುದ್ದಿಯೇ ಇರಬಹುದು, ಇರದೆಯೂ ಇರಬಹುದು. ತಿರುಗಿ ನೋಡುವ ಧೈರ್ಯ ಬರಲಿಲ್ಲ. ಕೊನೆಯ ಸೀಟಿ ಊದುವವರೆಗೂ ಚೆಂಡಿನ ಮೇಲೇ ಕಣ್ಣು ನೆಟ್ಟು ನಿಂತ.