ಎರಡನೇ ಡ್ರಮ್ಮು

ಉಗಾದಿ ಊಟಕ್ಕೆಂದು ನಾರ್ತ್ ಯಾರ್ಕಿನ ಕನ್ನಡ ಸಂಘದ ಹಾಲಿಗೆ ಹೋದಾಗ ನನ್ನ ಕೈಯಲ್ಲಿ ಇನ್ನೂ ಕೋಲಿತ್ತು. ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವ ಹಾಗಿರಲಿಲ್ಲವೆಂದು ನನ್ನನ್ನು ಬಾಗಿಲ ಹತ್ತಿರ ಒಂದು ಕುರ್ಚಿಯಲ್ಲಿ ಕೂರಿಸಿದರು. ಒಳಗೆ ಬಂದವರೆಲ್ಲ ಒಮ್ಮೆ ನನ್ನ ಮುಂದೆ ನಿಂತು "ಹುಷಾರಾದ್ರಾ?" ಅಂತ ಕೇಳಿಯೇ ಮುಂದೆ ಹೋದರು. ಹುಷಾರಾದೆ, ಹುಷಾರಾದೆ ಎಂದು ಹೇಳಿ ಹೇಳಿ ಬಾಯಿ ನೋವು ಬಂತು. ಒಬ್ಬ ಹೆಂಗಸು ಪಕ್ಕದಲ್ಲೇ ಕೂತು, "ಗೂಳಿ ಮೇಲಿಂದ ಬಿದ್ರಂತೆ?" ಎಂದರು. ಗೂಳಿ ಅಲ್ಲ, ಕುದುರೆ ಎಂದೆ. "ಯಾವ್ದೋ ಒಂದು. ಇನ್ಮೇಲಾದ್ರೂ ಬಿಟ್ಬಿಡಿ, ವಾಲಂಟಿಯರಿಂಗ್ ಗೀಲಂಟಿಯರಿಂಗ್ ಏನಾದ್ರೂ ಮಾಡಿ" ಅಂತ ನನ್ನ ತಟ್ಟೆಗೆ ಇನ್ನೊಂದು ಒಬ್ಬಟ್ಟು ಹಾಕಿದರು. ಸಿಟ್ಟು ನೆತ್ತಿಗೇರಿತು. ಆದರೆ ಒಬ್ಬಟ್ಟು ಚೆನ್ನಾಗಿತ್ತು, ಸುಮ್ಮನೆ ತಿಂದೆ.

ರೋಡಿಯೋ ಅಂದರೆ ಇಲ್ಲಿಯ ಕುದುರೆ, ಗೂಳಿಗಳ ಪಂದ್ಯದ ಜಾತ್ರೆ, ಅದರಲ್ಲಿ ಕುದುರೆ ಓಡಿಸುವುದು ನನ್ನ ಕಸುಬು. ವಾರದ ದಿನಗಳಲ್ಲಿ ಮಿಲ್ಟನ್ ಊರಿನಾಚೆಯ ಒಂದು ಲಾಯದಲ್ಲಿ ಸವಾರಿ ಕಲಿಸುತ್ತೇನೆ. ಬೇಸಿಗೆಯ ಶನಿವಾರ, ಭಾನುವಾರ ಟ್ರೈಲರಿಗೆ ಕುದುರೆ ಹತ್ತಿಸಿಕೊಂಡು ಊರೂರು ಸುತ್ತುತ್ತೇನೆ. ಅಪ್ಪ ಮೈಸೂರಿನಲ್ಲಿ ಕುದುರೆ ಪೊಲೀಸ್ ಆಗಿದ್ದರು, ಹಾಗಾಗಿ ನನಗೆ ಸೈಕಲ್ಲಿಗಿಂತ ಮೊದಲು ಕುದುರೆ ಬಂತು. ಗೂಳಿ ಹತ್ತುವ ಹುಚ್ಚರು ಬೇರೆ ಇದ್ದಾರೆ. ನನ್ನ ಆಟದಲ್ಲಿ ಮೈದಾನದ ಮೇಲೆ ಮೂರು ಖಾಲಿ ಡ್ರಮ್ಮು ಇಟ್ಟಿರುತ್ತಾರೆ, ತ್ರಿಕೋನದ ಮೂಲೆಗೊಂದರಂತೆ. ಕುದುರೆಯನ್ನು ನಾಗಾಲೋಟದಲ್ಲಿ ಒಳಗೆ ನುಗ್ಗಿಸಿ, ಒಂದೊಂದು ಡ್ರಮ್ಮನ್ನೂ ಸುತ್ತು ಹಾಕಿ, ಅದೇ ವೇಗದಲ್ಲಿ ಹೊರಗೆ ಬರಬೇಕು. ಎಲ್ಲರಿಗಿಂತ ಬೇಗ ಬಂದವರು ಗೆದ್ದ ಹಾಗೆ. ಡ್ರಮ್ಮು ಬಿದ್ದರೆ ಐದು ಸೆಕೆಂಡು ದಂಡ. ಆಟ ಮುಗಿಯುವುದೇ ಇಪ್ಪತ್ತು ಸೆಕೆಂಡಿನೊಳಗೆ. ಅದರಲ್ಲಿ ಐದು ಸೇರಿತೆಂದರೆ ಗಂಟುಮೂಟೆ ಕಟ್ಟಿಕೊಂಡು ಮನೆಗೆ ಹೋಗುವುದೇ.

ಆ ಉಗಾದಿಯ ಹಿಂದಿನ ಆಗಸ್ಟಿನಲ್ಲಿ, ಎರಡನೇ ಡ್ರಮ್ಮಿನ ತಿರುವಿನಲ್ಲಿ ನನ್ನ ಕುದುರೆಯ ಕಾಲು ಜಾರಿತ್ತು. ಕಂದು ಬಣ್ಣದ ಹೆಣ್ಣು ಕುದುರೆ, ಎಳೆಯ ವಯಸ್ಸಿನಿಂದ ನನ್ನ ಕೈಯಲ್ಲೇ ಪಳಗಿದವಳು. ಮಳೆ ಬಂದು, ಮೇಲೆ ಒಣಗಿ, ಒಳಗೆ ಕೆಸರಾಗಿದ್ದ ನೆಲ. ಇಬ್ಬರೂ ಎಡಕ್ಕೆ ಬಿದ್ದೆವು. ನಾನು ಕೆಳಗೆ, ಅವಳು ಮೇಲೆ. ಅವಳು ಎದ್ದು ಮೈ ಕೊಡವಿಕೊಂಡು ನಿಂತಳು, ನನಗೆ ಏಳಲಾಗಲಿಲ್ಲ. ಸೊಂಟದ ಮೂಳೆ ಮುರಿದಿತ್ತು, ಎಡ ಮೊಣಕಾಲು ತಿರುಚಿಕೊಂಡಿತ್ತು. ಚಳಿಗಾಲವೆಲ್ಲ ಬೇಸ್‌ಮೆಂಟಿನಲ್ಲಿ ಕಾಲೆತ್ತುವುದು, ಕಾಲಿಳಿಸುವುದು. ನನ್ನ ಗಂಡ ಮಂಗಳೂರು ಕಡೆಯವರು, ಬರ್ಲಿಂಗ್ಟನ್ನಿನ ಆಫೀಸಿನಿಂದ ಬಂದವರೇ ಕುಚ್ಚಲಕ್ಕಿ ಗಂಜಿಗೆ ಇಡುತ್ತಿದ್ದರು. ಗಂಜಿ ಕುಡಿದು ಕುಡಿದು ನಾನೂ ಅರ್ಧ ಮಂಗಳೂರಿನವಳಾಗಿಬಿಟ್ಟೆ. ಮೈಸೂರಿನಿಂದ ಅಮ್ಮ ಪ್ರತಿ ಶನಿವಾರ ಫೋನು ಮಾಡಿ "ಹುಷಾರಾದ್ಯೇನೇ?" ಎಂದು ಶುರು ಮಾಡಿ, "ಹುಷಾರು ಕಣೇ" ಎಂದು ಮುಗಿಸುತ್ತಿದ್ದಳು.

ಜೂನ್ ಕೊನೆಗೆ ಡಾಕ್ಟರು ಒಪ್ಪಿದರು, ಮತ್ತೆ ಸ್ಪರ್ಧೆಗೆ ಇಳಿದೆ. ಮೊದಲ ದಿನ ಎಲ್ಲ ಸರಿಯಾಗಿಯೇ ಇತ್ತು. ಜೀನಿನ ಮೇಲೆ ಕೂತ ತಕ್ಷಣ ಸೊಂಟ ತನ್ನ ಜಾಗ ಹುಡುಕಿಕೊಂಡಿತು, ಮೊದಲ ಡ್ರಮ್ಮು ಬೆಣ್ಣೆಯಂತೆ ಸುತ್ತಿದೆವು. ಎರಡನೆಯದರ ಹತ್ತಿರ ಬಂದಾಗ ಕುದುರೆ ತಲೆ ಮೇಲೆತ್ತಿದಳು, ಕಿವಿ ಹಿಂದಕ್ಕೆ ಮಾಡಿದಳು, ಹೆಜ್ಜೆ ಚಿಕ್ಕದು ಮಾಡಿ ದೊಡ್ಡದೊಂದು ಸುತ್ತು ಹಾಕಿದಳು. ಆ ಡ್ರಮ್ಮಿಗೂ ನಮಗೂ ನಡುವೆ ಒಂದು ಆಟೋ ಹೋಗಬಹುದಿತ್ತು. ಕೊನೆಯವಳಿಗಿಂತ ಒಂದು ಸ್ಥಾನ ಮೇಲೆ ಬಂದೆ. ಮೊದಲ ಸಲ ತಾನೆ, ಪರವಾಗಿಲ್ಲ ಎಂದರು ಎಲ್ಲರೂ.

ಎರಡನೇ ವಾರವೂ ಹಾಗೇ ಆಯಿತು, ಮೂರನೇ ವಾರವೂ. ಪಾಪ, ಇವಳಿಗೆ ಭಯ ಹಿಡಿದಿದೆ ಎಂದು ನಾನು ತೀರ್ಮಾನ ಮಾಡಿದೆ. ಲಾಯದಲ್ಲಿ ಅವಳ ಕುತ್ತಿಗೆ ತಬ್ಬಿಕೊಂಡು, ಕ್ಯಾರೆಟ್ ತಿನ್ನಿಸುತ್ತಾ, "ಏನಿಲ್ಲ ಅಮ್ಮಣ್ಣಿ, ಹೆದರ್ಕೋಬೇಡ" ಎಂದು ಗಂಟೆಗಟ್ಟಲೆ ಸಮಾಧಾನ ಹೇಳಿದೆ. ಅವಳು ಕ್ಯಾರೆಟ್ ತಿಂದಳು, ಅಷ್ಟೇ. ಜುಲೈ ಮುಗಿಯುವ ಹೊತ್ತಿಗೆ ನನ್ನ ಮನಸ್ಸು ಗಟ್ಟಿಯಾಯಿತು. ಹೆದರಿದ ಪ್ರಾಣಿಯನ್ನು ಹೊಡೆದು ಓಡಿಸುವ ಪಾಪ ನನಗೆ ಬೇಡ, ಕಾಡಿನ ದಾರಿಯಲ್ಲಿ ಮೆಲ್ಲಗೆ ನಡೆಸುವವರು ಯಾರಾದರೂ ಸಿಕ್ಕರೆ ಮಾರಿಬಿಡುತ್ತೇನೆ ಎಂದು ಲಾಯದ ಯಜಮಾನಿಗೆ ಹೇಳಿದೆ. ಈ ವಯಸ್ಸಿನಲ್ಲಿ ಇನ್ನೊಂದು ಕುದುರೆಯನ್ನು ಮೊದಲಿನಿಂದ ಪಳಗಿಸುವುದು ನನ್ನ ಕೈಲಾಗದು. ಅವಳು ಹೋದರೆ ನನ್ನ ರೋಡಿಯೋ ಕೂಡ ಹೋಯಿತು. ಅದು ಯಜಮಾನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಒಂದು ಶುಕ್ರವಾರ ಬರ್ಲಿಂಗ್ಟನ್ನಿನಿಂದ ಯಾರೋ ಗಂಡ ಹೆಂಡತಿ ಅವಳನ್ನು ನೋಡಲು ಬಂದರು. ಒಳ್ಳೆಯ ಜನ. ಶಾಂತ ಸ್ವಭಾವದ ಕುದುರೆ ಬೇಕಿತ್ತು ಅವರಿಗೆ. ಹತ್ತಿ ತೋರಿಸಬೇಕಾದವಳು ನಾನು, ಆದರೆ ಅಳು ಒತ್ತರಿಸಿಕೊಂಡು ಬಂದು ಬೇಲಿಯ ಹತ್ತಿರ ನಿಂತುಬಿಟ್ಟೆ. ಯಜಮಾನಿಯೇ ಹತ್ತಿದಳು. ಈ ಕಡೆಯ ರೈತರ ಮಗಳು, ನನಗಿಂತ ಹಿರಿಯಳು, ಮಾತು ಕಡಿಮೆ. ಎರಡು ಸುತ್ತು ಮೆಲ್ಲಗೆ ನಡೆಸಿದಳು. ಬೆಳಗಿನ ಪಾಠಕ್ಕೆಂದು ಇಟ್ಟಿದ್ದ ಮೂರು ಡ್ರಮ್ಮು ಇನ್ನೂ ಮೈದಾನದಲ್ಲೇ ಇದ್ದವು. ಅವನ್ನು ಕಂಡಿದ್ದೇ ತಡ, ಕುದುರೆಯ ಕಿವಿ ನೆಟ್ಟಗಾದವು. ಯಜಮಾನಿ ಲಗಾಮು ಸಡಿಲ ಬಿಟ್ಟಳು.

ಅಯ್ಯೋ, ಏನು ಹೇಳಲಿ! ಎರಡನೇ ಡ್ರಮ್ಮಿಗೆ ಹೊಟ್ಟೆ ಸವರಿಕೊಂಡೇ ತಿರುಗಿದಳು ಆ ಮಹಾರಾಯಿತಿ. ಭಯವೂ ಇಲ್ಲ, ಗಿಯವೂ ಇಲ್ಲ. ಮಣ್ಣು ಎಗರಿ, ನೋಡಲು ಬಂದಿದ್ದವರ ಬಟ್ಟೆಯ ಮೇಲೆ ಬಿತ್ತು. ಅವರು ಸಾರಿ ಕೇಳುತ್ತಲೇ ಹಿಂದೆ ಸರಿದು, ಸಾರಿ ಕೇಳುತ್ತಲೇ ಕಾರು ಹತ್ತಿದರು. ಯಜಮಾನಿ ಇಳಿದು, ಏದುಸಿರು ಬಿಡುತ್ತಾ ಲಗಾಮನ್ನು ನನ್ನ ಕೈಗೆ ಕೊಟ್ಟಳು. "ಇವಳಿಗೇನೂ ಆಗಿಲ್ಲ" ಎಂದಳು ಇಂಗ್ಲಿಷಿನಲ್ಲಿ. ಅಷ್ಟೇ ಹೇಳಿ ಒಳಗೆ ಹೋದಳು.

ಸಿಟ್ಟಿನಲ್ಲಿ ಆವತ್ತು ನಾನು ಇಡೀ ಲಾಯದ ಲದ್ದಿ ಬಾಚಿದೆ. ನನ್ನ ಪಾಲಿಗೆ ಬರದ ಕುದುರೆಗಳದ್ದೂ ಸೇರಿಸಿ. ಮನೆಗೆ ಬಂದು ಗಂಡನ ಫೋನು ಕಿತ್ತುಕೊಂಡು, ಅವರು ತೆಗೆದಿಟ್ಟಿದ್ದ ವಿಡಿಯೋಗಳನ್ನೆಲ್ಲ ನೋಡಿದೆ. ಎಲ್ಲದರಲ್ಲೂ ಒಂದೇ ಕಥೆ. ಎರಡನೇ ಡ್ರಮ್ಮು ಹತ್ತಿರವಾದಾಗ ಮೊದಲು ನನ್ನ ಭುಜ ಹಿಂದೆ ಹೋಗುತ್ತದೆ, ಲಗಾಮು ಬಿಗಿಯಾಗುತ್ತದೆ. ಆಮೇಲೆ ಕುದುರೆ ತಲೆ ಎತ್ತುತ್ತಾಳೆ.

"ನೀವು ಇದನ್ನ ನೋಡಿದ್ರಾ?" ಎಂದೆ.

"ನೋಡಿದೆ ಮಾರಾಯ್ತಿ. ಮೊದಲನೇ ವಾರವೇ ಗೊತ್ತಾಯ್ತು."

"ಮತ್ಯಾಕ್ರೀ ಹೇಳ್ಲಿಲ್ಲ?"

"ಹೇಳ್ಲಿಕ್ಕೆ ಮನಸ್ಸು ಬರ್ಲಿಲ್ಲ. ನೀನು ಮೆಲ್ಲ ಹೋಗುವುದು ನೋಡಿ ನಂಗೆ ಖುಷಿಯೇ ಆಗ್ತಿತ್ತು. ಅಂಬುಲೆನ್ಸಿನಲ್ಲಿ ನಿನ್ನ ಪಕ್ಕ ಕೂತವ ನಾನಲ್ವಾ?"

ಬೈಯಬೇಕೆಂದು ಬಾಯಿ ತೆರೆದವಳು ಬೈಯಲಿಲ್ಲ. ಅವರ ಮೇಲೆ ಅಷ್ಟು ಪ್ರೀತಿ ಬಂದದ್ದು ನನಗೇ ಆಶ್ಚರ್ಯ.

ನಮ್ಮ ಭಾಷೆಯ ಒಂದು ವಿಚಿತ್ರ ನನಗೆ ಹೊಳೆದದ್ದು ಆ ದಿನಗಳಲ್ಲಿ. ಕಾಯಿಲೆ ವಾಸಿಯಾದರೂ ಹುಷಾರು, ನೋಡಿಕೊಂಡು ನಡೆ ಎನ್ನುವುದಕ್ಕೂ ಹುಷಾರು. ಒಂದು ವರ್ಷ ಎಲ್ಲರೂ ಎರಡನ್ನೂ ನನ್ನ ಕಿವಿಗೆ ತುಂಬಿದ್ದರು, ನಾನು ಎರಡೂ ಒಂದೇ ಎಂದುಕೊಂಡೆ. ಹುಷಾರಾಗಿ ಓಡಿಸಿದಷ್ಟೂ ದಿನ ನಾನು ಹುಷಾರಾಗಿರಲಿಲ್ಲ. ಆ ಶನಿವಾರ ಅಮ್ಮ ಫೋನು ಮಾಡಿದಾಗ ಹೇಳಿಯೇಬಿಟ್ಟೆ.

"ಅಮ್ಮ, ಇನ್ಮೇಲೆ ಹುಷಾರು ಅನ್ಬೇಡ."

"ಮತ್ತೇನನ್ಲೇ? ಹೋಗಿ ಸೊಂಟ ಮುರ್ಕೊಂಡು ಬಾ ಅನ್ಲಾ?"

"ಏನೂ ಅನ್ಬೇಡ. ಊಟ ಆಯ್ತಾ ಅನ್ನು, ಸಾಕು."

ಕೊಬ್ಬು ನಿನಗೆ ಎಂದು ಬೈದು ಫೋನಿಟ್ಟಳು. ಮುಂದಿನ ವಾರ ಮಾತೆಲ್ಲ ಮುಗಿದ ಮೇಲೆ "ಹು..." ಎಂದು ಶುರು ಮಾಡಿ ತಡೆದಳು. ಅವಳು ಆ ಹುಷಾರನ್ನು ನುಂಗಿಕೊಳ್ಳುತ್ತಿದ್ದಾಳೆಂದು ನನಗೆ ಗೊತ್ತಾಗುತ್ತಿತ್ತು. ಕೊನೆಗೆ, "ಊಟ ಆಯ್ತೇನೇ?" ಎಂದಳು. ಆಯ್ತಮ್ಮ ಎಂದೆ.

ಆಗಸ್ಟಿಡೀ ಯಜಮಾನಿಯ ಎದುರು ಅಭ್ಯಾಸ ಮಾಡಿದೆ. ಡ್ರಮ್ಮನ್ನು ನೋಡಬೇಡ, ಅದರಾಚೆ ನೋಡು ಎನ್ನುತ್ತಿದ್ದಳು. ತಲೆಗೆ ಗೊತ್ತಾಗುತ್ತಿತ್ತು, ಮೈಗೆ ಗೊತ್ತಾಗುತ್ತಿರಲಿಲ್ಲ. ಸೀಸನ್ನಿನ ಕೊನೆಯ ರೋಡಿಯೋ ಸೆಪ್ಟೆಂಬರಿನಲ್ಲಿತ್ತು. ಅವತ್ತೂ ಲಗಾಮು ಎಳೆದರೆ ಅವಳನ್ನು ಮಾರುವುದೇ ಸರಿ ಎಂದು ಮನಸ್ಸಿನಲ್ಲಿ ಹೇಳಿಕೊಂಡೆ. ಭಯ ಅವಳದ್ದಾದರೇನು, ನನ್ನದಾದರೇನು, ಓಡಬಲ್ಲ ಕುದುರೆಯನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ನನಗಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು. ಇನ್ನೊಮ್ಮೆ ಬಿದ್ದರೆ ಏಳುತ್ತೇನೋ ಇಲ್ಲವೋ.

ನನ್ನ ಸರದಿ ಕೂಗಿದರು. ಒಳಗೆ ನುಗ್ಗಿದೆವು. ಮೊದಲ ಡ್ರಮ್ಮು ಆಯಿತು. ಎರಡನೆಯದು ಎದುರಿಗೆ ಬಂತು, ಭುಜ ತಾನಾಗಿ ಹಿಂದೆ ಹೋಗಲು ಹೊರಟಿತು, "ಹೋಗೇ!" ಎಂದು ಕಿರುಚಿದೆ. ಕುದುರೆಗೋ ನನಗೋ ಗೊತ್ತಿಲ್ಲ. ಕೈ ಮುಂದೆ ಹೋಯಿತು. ಅವಳು ಬಾಗಿದಳು, ನೆಲ ಮುಖದ ಹತ್ತಿರ ಬಂತು, ಎಡ ಮೊಣಕಾಲಿಗೆ ಏನೋ ಫಟಾರ್ ಎಂದು ಬಡಿಯಿತು, ಹಿಂದೆ ಜನ "ಓಹ್" ಎಂದರು. ಮೂರನೆಯದನ್ನು ಸುತ್ತಿ ಹೊರಗೆ ಬಂದು ನಿಂತಾಗ ನಾನು ನಗುತ್ತಿದ್ದೆ, ಕಣ್ಣಲ್ಲಿ ನೀರು ಧಾರಾಕಾರ.

ಗಂಡ ಬೇಲಿ ಸುತ್ತಿಕೊಂಡು ಓಡಿ ಬಂದರು. "ಛೆ ಛೆ, ಎಂತ ಅನ್ಯಾಯ ಮಾರಾಯ್ತಿ! ಎರಡನೇ ಡ್ರಮ್ಮು ಬಿತ್ತಲ್ಲ! ಐದು ಸೆಕೆಂಡು ಹೋಯ್ತು!"

"ಬಿತ್ತು ರೀ, ಬಿತ್ತು!" ಎಂದು ನಾನು ಕುಣಿಯುವುದೊಂದು ಬಾಕಿ. ದೂರದಲ್ಲಿ ಸುತ್ತು ಹಾಕುವವಳಿಗೆ ಡ್ರಮ್ಮು ಎಲ್ಲಿ ಬೀಳುತ್ತದೆ? ಬೀಳಿಸಬೇಕಾದರೆ ಅಷ್ಟು ಹತ್ತಿರ ಹೋಗಬೇಕು. ಪಟ್ಟಿಯಲ್ಲಿ ಅವತ್ತು ಕೊನೆಯ ಸ್ಥಾನ ನನ್ನದೇ. ಗೆದ್ದ ದಿನಗಳಲ್ಲೂ ನನಗೆ ಅಷ್ಟು ಸಂತೋಷವಾದದ್ದಿಲ್ಲ.

ಅವರು ನನ್ನ ಮುಖವನ್ನೂ, ನೊರೆ ಕಾರುತ್ತಿದ್ದ ಕುದುರೆಯ ಮುಖವನ್ನೂ ಒಂದೊಂದು ಸಲ ನೋಡಿದರು. "ಹಾಗಾದ್ರೆ ಇವಳನ್ನು ಮಾರುವ ಕಥೆ ಎಂತಾಯ್ತು?"

"ಮಾರೋದಾದ್ರೆ ನಿಮ್ಮನ್ನ ಮಾರ್ತೀನಿ" ಎಂದೆ.