ವನದುರ್ಗದ ಮೂರು ಸಾಲು

ಶಹಾಪುರದ ಆ ಹೆಣ್ಣುಮಕ್ಕಳ ಕಾಲೇಜಿಗೆ ಯಾವ ಊರಿನಿಂದ ಎಷ್ಟು ಹುಡುಗಿಯರು ಬರುತ್ತಾರೆಂದು ತಿಳಿಯಬೇಕಾದರೆ ಕ್ಲಾರ್ಕ್ ಸುಮಂಗಲಾಳನ್ನೇ ಕೇಳಬೇಕಿತ್ತು. ಹತ್ತೊಂಬತ್ತು ವರ್ಷ, ಪ್ರತಿ ಜುಲೈಯಲ್ಲಿ ನಾಲ್ಕು ದಿನ, ಆಕೆ ಹುಡುಗಿಯರು ಊರು ಬರೆದುಕೊಟ್ಟ ಚೀಟಿಗಳನ್ನು ನೆಲದ ಮೇಲೆ ಹರಡಿ, ಊರಿಗೊಂದು ಗುಡ್ಡೆ ಮಾಡಿ, ಎಣಿಸಿ ಬರೆದಿದ್ದಳು. ಆ ಪಟ್ಟಿ ನೋಡಿಯೇ ಕಾಲೇಜಿನ ಬಸ್ಸು ಎಲ್ಲೆಲ್ಲಿಗೆ ಹೋಗಬೇಕೆಂದು ತೀರ್ಮಾನವಾಗುತ್ತಿತ್ತು. ಆ ನಾಲ್ಕು ದಿನ ಪ್ರಿನ್ಸಿಪಾಲರೂ ಗುಡ್ಡೆಗಳಿಗೆ ಕಾಲು ತಾಗದಂತೆ ನಡೆಯುತ್ತಿದ್ದರು.

ಈ ವರ್ಷ ಬೀದರಿನಿಂದ ಗಣಿತ ಕಲಿಸಲು ಬಂದ ನುಜ್ಹತ ಆ ನಾಲ್ಕು ದಿನವನ್ನೂ ಕಿತ್ತುಕೊಂಡಳು. ಹುಡುಗಿಯರು ತಮ್ಮ ಊರನ್ನು ಮೊಬೈಲಿನಲ್ಲೇ ಬರೆದು ಕಳಿಸಿದರು. ಸಮೀಕರಣ ಬಿಡಿಸಲು ಇಟ್ಟುಕೊಂಡಿದ್ದ ತಂತ್ರಾಂಶಕ್ಕೆ ನುಜ್ಹತ ಆ ಪಟ್ಟಿ ಕೊಟ್ಟಳು. ಒಂದು ಸಾಲು ಆದೇಶ ಬರೆದರೆ ಎಣಿಕೆ. ಇನ್ನೊಂದು ಸಾಲಿಗೆ ಹೆಚ್ಚಿನದು ಮೇಲೆ, ಕಡಿಮೆಯದು ಕೆಳಗೆ. ಕೋಷ್ಟಕ ಸಿದ್ಧ! ಅವಳ ಚಹಾ ಇನ್ನೂ ಆರಿರಲಿಲ್ಲ.

“ಕಮಾಲ್ ಮಾಡೀರಲ್ರಿ ಮೇಡಂ!” ಎಂದರು ಪ್ರಿನ್ಸಿಪಾಲರು. ಇಷ್ಟು ವರ್ಷದಲ್ಲಿ ಸುಮಂಗಲಾಳಿಗೆ ಅವರು ಹೇಳಿದ್ದು “ಅಲ್ಲಿ ಇಡ್ರಿ” ಅಷ್ಟೇ. ಅವಳ ಹೊಟ್ಟೆ ಉರಿಯಿತು. ನುಜ್ಹತಳ ಇಸ್ತ್ರಿ ಮಾಡಿದ ದುಪಟ್ಟಾ ಕಂಡರೂ ಉರಿಯಿತು.

ತಪ್ಪು ಸಿಗಲಿ ಎಂದೇ ಕೋಷ್ಟಕವನ್ನು ಕೆಳಗಿನಿಂದ ಓದಿದಳು. ಸಿಕ್ಕಿತು. ವನದುರ್ಗ ಒಂಬತ್ತು, ಒನದುರ್ಗ ಎಂಟು, ವಣದುರ್ಗ ಏಳು. ಬಾಯಿಗೆ ಬಂದಂತೆ ಬರೆದ ಒಂದೇ ಊರು, ಯಂತ್ರಕ್ಕೆ ಮೂರು. ಹತ್ತಕ್ಕಿಂತ ಕಡಿಮೆಯಿದ್ದ ಊರಿಗೆ ಬಸ್ಸಿಲ್ಲ. ಸುಮಂಗಲಾ ತುಟಿ ಬಿಚ್ಚಲಿಲ್ಲ. ಊರವರು ಬಂದು ಜಗಳ ತೆಗೆಯಲಿ, ಆಗ ನೋಡಬೇಕು ಅವಳ ಮುಖ!

ಬಸ್ಸಿನ ಪಟ್ಟಿ ಗೋಡೆಗೆ ಅಂಟಿಸಿದ ದಿನ ವನದುರ್ಗದ ಮೋನಮ್ಮ ಕಿಟಕಿಗೆ ಬಂದಳು. “ಮೇಡಂ, ಬಸ್ಸಿಲ್ಲಂದ್ರ ನಮ್ಮಪ್ಪ ಕಾಲೇಜು ಬಿಡಸ್ತಾನ್ರಿ.”

ಸುಮಂಗಲಾ ಎದ್ದು ನುಜ್ಹತಳ ಬಳಿಗೆ ಹೋಗಿ, ಪ್ರಿನ್ಸಿಪಾಲರೂ ಸೇರಿ ಎಲ್ಲರೆದುರಿಗೆ ಕೋಷ್ಟಕದ ಆ ಮೂರು ಸಾಲಿನ ಮೇಲೆ ಬೆರಳಿಟ್ಟಳು. ನುಜ್ಹತಳ ಮುಖ ಬಾಡಲೇ ಇಲ್ಲ.

“ಅಯ್ಯ ಅಕ್ಕಾರ, ನನಗ ಗೊತ್ತೇ ಇರ್ಲಿಲ್ರಿ. ನೀವು ಹೇಳ್ಕೋತ ಹೋಗ್ರಿ, ನಾ ಇದಕ್ಕ ಕಲಸ್ತೀನಿ.”

ಗೋಗಿಯಿಂದ ಹಿಡಿದು ಒಂದೊಂದು ಊರಿನ ಹೆಸರನ್ನೂ ಹುಡುಗಿಯರು ಹೇಗೆಲ್ಲ ಬರೆಯುತ್ತಾರೆಂದು ಸುಮಂಗಲಾ ಹೇಳಿದಳು. ನುಜ್ಹತ ಒಂದೊಂದಕ್ಕೂ ನಿಯಮ ಬರೆದಳು. ಹತ್ತೊಂಬತ್ತು ವರ್ಷದ ವಿದ್ಯೆ ಹತ್ತು ನಿಮಿಷಕ್ಕೆ ಮುಗಿಯಿತು. ವನದುರ್ಗ ಇಪ್ಪತ್ನಾಲ್ಕಾಗಿ ಮೇಲೇರಿತು. “ಕಮಾಲ್ ನುಜ್ಹತ ಮೇಡಂ!” ಎಂದು ಪ್ರಿನ್ಸಿಪಾಲರು ಒಳಗೆ ಹೋದರು.

“ಇನ್ನೇನರ ಉಳದದ ಏನ್ರಿ, ಅಕ್ಕಾರ?”

ಉಳಿದಿತ್ತು. ಸುರಪುರವನ್ನು ಕೆಲವರು ಈಗಲೂ ಶೋರಾಪುರ ಎಂದೇ ಬರೆಯುತ್ತಾರೆ. ಅಲ್ಲಿಗೆ ಬಸ್ಸು ಹೇಗೂ ಇತ್ತು, ಯಾರಿಗೂ ನಷ್ಟವಿಲ್ಲ.

“ಏನಿಲ್ರಿ, ಇಷ್ಟ,” ಎಂದಳು ಸುಮಂಗಲಾ. ಅದೊಂದನ್ನು ಮುಂದಿನ ಜುಲೈಗೆ ಇಟ್ಟುಕೊಂಡಳು.