ನಾಯಕಿ ಬರುವ ತನಕ

ಮಾಲಿನ ಮೂರನೇ ಮಹಡಿಯಲ್ಲಿ, ಸಿನಿಮಾ ಹಾಲಿನ ಗಾಜಿನ ಬಾಗಿಲನ್ನು ಒಬ್ಬ ಹೆಂಗಸು ಒರೆಸುತ್ತಿದ್ದಳು. ಅವಳ ಕೈಯ ಬಾಟಲಿಯಿಂದ ಚಿಮ್ಮಿದ ನೀಲಿ ನೀರಿನ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ನಿಂತಲ್ಲೇ ನಿಂತುಬಿಟ್ಟೆ. ಅಮೋನಿಯಾ. ಬೇರೆಯವರಿಗೆ ಅದು ಗಾಜು ಒರೆಸುವ ಔಷಧಿಯ ವಾಸನೆ ಇರಬಹುದು, ನನಗೆ ಅದು ನಮ್ಮ ಕಾಕಾನ ನಾಟಕಗಳ ವಾಸನೆ. ನಿಮಗೂ ಇಂಥದ್ದೊಂದು ಇದ್ದೇ ಇರುತ್ತದೆ, ಯಾವುದೋ ಸೋಪು, ಯಾವುದೋ ಎಣ್ಣೆ, ಈಗ ಎಲ್ಲೂ ಇಲ್ಲದ ಒಂದು ಮನೆಗೆ ನಿಮ್ಮನ್ನು ಕತ್ತು ಹಿಡಿದು ಎಳೆದೊಯ್ಯುವಂಥದ್ದು. "ಅಮ್ಮಾ ಬಾ, ಸ್ಟಾರ್ಟ್ ಆಗ್ಬಿಡತ್ತೆ" ಎಂದು ಮಗಳು ನಿಧಿ ಕೈ ಎಳೆದಳು. ಆ ಭಾನುವಾರ ಮಧ್ಯಾಹ್ನ ನಾನು ಒಳಗೆ ಹೋದದ್ದು ಎರಡೂವರೆ ಗಂಟೆ ನಕ್ಕು ಬರೋಣ ಎಂದು. ಹೊರಗೆ ಬಂದದ್ದು ಮಗಳ ಭುಜ ಹಿಡಿದುಕೊಂಡು, ಅಳುತ್ತಾ. ಇವತ್ತಿಗೆ ಎಂಟು ದಿನವಾಯಿತು, ಆ ಪೆಟ್ಟಿನಿಂದ ನಾನಿನ್ನೂ ಚೇತರಿಸಿಕೊಂಡಿಲ್ಲ.

ನನಗೆ ಹತ್ತು ವರ್ಷವಾಗಿದ್ದಾಗ ನಾವಿದ್ದದ್ದು ಬಾಗಲಗುಂಟೆಯಲ್ಲಿ, ಸಾಲಾಗಿ ಕಟ್ಟಿದ ಐದು ಶೀಟಿನ ಮನೆಗಳಲ್ಲಿ ಕೊನೆಯದರಲ್ಲಿ. ಅಪ್ಪ, ಅವ್ವ, ನಾನು, ಅಪ್ಪನ ತಮ್ಮ ಕಾಕಾ. ರೋಣದ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದವರು. ಮನೆಯ ಒಡತಿಯನ್ನು ಎಲ್ಲರೂ ಓನರಜ್ಜಿ ಎನ್ನುತ್ತಿದ್ದೆವು. ತಾನು ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಆ ಮನೆಗಳನ್ನು ಕಟ್ಟಿಸಿದ್ದರೂ ಬೆಳಿಗ್ಗೆ ಎದ್ದು ಮೋಡ ನೋಡುವ ಅಭ್ಯಾಸ ಅವಳನ್ನು ಬಿಟ್ಟಿರಲಿಲ್ಲ. ಮಧ್ಯಾಹ್ನ ಶೀಟು ಕಾದು ಚಟಚಟ ಎನ್ನುತ್ತಿತ್ತು, ಹಿತ್ತಲಲ್ಲಿ ಓನರಜ್ಜಿಯ ನೀರೊಲೆ ಹೊಗೆಯಾಡುತ್ತಿತ್ತು. ಕಾಕಾ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಲ್ಲುತ್ತಿದ್ದ. ಆಗ ಯಂತ್ರದ ನಕ್ಷೆಗಳನ್ನು ಅಮೋನಿಯಾದಲ್ಲಿ ಪ್ರಿಂಟ್ ತೆಗೆಯುತ್ತಿದ್ದರು. ಕೆಲಸ ಮುಗಿದ ನಕ್ಷೆಗಳನ್ನು ಅವನು ಕೇಳಿ ಮನೆಗೆ ತಂದು, ಅವುಗಳ ಹಿಂಬದಿಯಲ್ಲಿ ನಾಟಕ ಬರೆಯುತ್ತಿದ್ದ. ಒಂದು ಮಗ್ಗುಲಲ್ಲಿ ಬೋಲ್ಟು, ಗೇರುಗಳ ಅಳತೆ, ಇನ್ನೊಂದು ಮಗ್ಗುಲಲ್ಲಿ ರಾಜ, ಮಂತ್ರಿ, ವಿರಹ. ಬಿಚ್ಚಿ ಹರಡಿದರೆ ಮನೆಯೆಲ್ಲ ಘಾಟು, ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡೇ ರೊಟ್ಟಿ ಬಡಿಯುತ್ತಿದ್ದಳು.

ಪ್ರತಿ ವರ್ಷ ರಾಜ್ಯೋತ್ಸವದ ದಿನ ಕಾರ್ಖಾನೆಯ ಶೆಡ್ಡಿನಲ್ಲಿ ಕೆಲಸಗಾರರ ನಾಟಕ. ಗಂಡು ಪಾತ್ರಗಳೆಲ್ಲ ಅವರವರಲ್ಲೇ, ಹೆಣ್ಣು ಪಾತ್ರಕ್ಕೆ ಮಾತ್ರ ತುಮಕೂರಿನ ಕಡೆಯಿಂದ ಕಲಾವಿದೆಯನ್ನು ಕರೆಸುತ್ತಿದ್ದರು. ಪೌರಾಣಿಕ ನಾಟಕಗಳೆಲ್ಲ ಆ ಹೆಂಗಸರಿಗೆ ಬಾಯಿಪಾಠ. ನಾಟಕದ ದಿನ ಬಸ್ಸಿಳಿದು, ಬಣ್ಣ ಹಚ್ಚಿಕೊಂಡು, ಸೀದಾ ರಂಗಕ್ಕೆ ಹೋಗುವವರು. ಹಾಗಾದರೆ ಎರಡು ತಿಂಗಳ ತಾಲೀಮಿನಲ್ಲಿ ನಾಯಕಿಯ ಮಾತು ಹೇಳುವವರು ಯಾರು? ನಾನು. ಫ್ರಾಕು, ಎರಡು ಜಡೆ, ಮೊಣಕಾಲಿನ ಮೇಲೆ ಗಾಯದ ಹಕ್ಕಳೆ. ಆ ವೇಷದಲ್ಲೇ ನಾನು ದ್ರೌಪದಿಯಾಗಿ ಅತ್ತಿದ್ದೇನೆ, ಸೀತೆಯಾಗಿ ಬೆಂಕಿಗೆ ಇಳಿದಿದ್ದೇನೆ. "ಜೋರಾಗಿ ಹೇಳವಾ ಪುಟ್ಟಿ, ಗೇಟಿನ ವಾಚ್‌ಮನ್‌ಗೂ ಕೇಳಬೇಕು. ನಾಯಕಿ ಬರೂತನಕ ನೀನ ನಮ್ಮ ನಾಯಕಿ" ಎನ್ನುತ್ತಿದ್ದ ಕಾಕಾ. ಅಸಲಿ ನಾಯಕಿ ಬಂದ ದಿನ ನನ್ನನ್ನು ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ನಾನು ಚಾಪೆಯ ಮೇಲೆ ಕೂತು, ಬೇರೆಯವಳ ಬಾಯಲ್ಲಿ ನನ್ನ ಮಾತುಗಳನ್ನು ಕೇಳುತ್ತಾ ಹೊಟ್ಟೆ ಉರಿದುಕೊಳ್ಳುತ್ತಿದ್ದೆ.

ಆ ವರ್ಷ ಕಾಕಾ ತನ್ನದೇ ನಗೆನಾಟಕ ಆಡಿಸಲು ಹೊರಟ. ರಾಜರ ಕಾಲದ ಒಬ್ಬ ಬಡ ನಾಟಕಕಾರ, ನೇಕಾರರ ಹುಡುಗಿಯ ಮೇಲೆ ಅವನಿಗೆ ಮನಸ್ಸು. ಚಂದ್ರನನ್ನೇ ತರುತ್ತೇನೆ ಎಂದು ಅವನು ಕೊಚ್ಚಿಕೊಂಡಾಗ ಹುಡುಗಿ ಹೇಳುತ್ತಾಳೆ: "ಕವಿಗಳೇ, ಚಂದ್ರನನ್ನು ತರುತ್ತೇನೆ ಎಂದಿರಿ, ನಂಬಿದೆ. ಮೊದಲು ಒಂದು ಸೇರು ಅಕ್ಕಿ ತನ್ನಿ. ಅನ್ನ ಬೇಯುವುದರೊಳಗೆ ಚಂದ್ರನಿಗೂ ಒಂದು ಮಣೆ ಹಾಕಿರುತ್ತೇನೆ." ಕೊನೆಗೆ ಅವನು ಅಕ್ಕಿಯ ಚೀಲ ಹೊತ್ತು ಅವಳ ಬಾಗಿಲಿಗೆ ಬಂದರೆ ಮದುವೆ ಗಟ್ಟಿಯಾದಂತೆ, ಪರದೆ. ಹೊಸ ನಾಟಕವಾದ್ದರಿಂದ ಕಲಾವಿದೆ ಮಾತು ಕಲಿಯಬೇಕಿತ್ತು. ಹೀಗಾಗಿ ರುಕ್ಮಿಣಿ ಎಂಬವಳು ಮೂರು ಭಾನುವಾರ ತಾಲೀಮಿಗೆ ಬಂದಳು. ಇಪ್ಪತ್ತೈದರ ಆಸುಪಾಸು, ಎಣ್ಣೆಗಪ್ಪು ಬಣ್ಣ, ಗಂಟಲಲ್ಲಿ ಸಣ್ಣ ಒಡಕು. ಕಾಕಾ ನಾಟಕದ ಪೂರ್ತಿ ಕಟ್ಟನ್ನೇ ಅವಳಿಗೆ ಕೊಟ್ಟುಬಿಟ್ಟ. ನಾಯಕನ ಪಾತ್ರ ಅವನದೇ. ನಮ್ಮವರು ಒಂದಕ್ಷರ ತಪ್ಪಿದರೂ ಸಿಡುಕುತ್ತಿದ್ದವನು ರುಕ್ಮಿಣಿ ಸಾಲನ್ನೇ ನುಂಗಿದರೂ "ಇರಲಿ ಬಿಡ್ರಿ, ನೀವು ಅಂದಿದ್ದ ಛಲೋ ಐತಿ" ಎನ್ನುತ್ತಿದ್ದ. "ಏನ್ ಗುರು, ಅವ್ರಿಗೆ ಮಾತ್ರ ಡಿಸ್ಕೌಂಟಾ?" ಎಂದು ಮಂತ್ರಿ ಪಾತ್ರದ ವೆಲ್ಡರ್ ಕಾಲೆಳೆದರೆ ಶೆಡ್ಡಿಗೆ ಶೆಡ್ಡೇ ನಗುತ್ತಿತ್ತು. ರುಕ್ಮಿಣಿಯೂ ತಲೆ ತಗ್ಗಿಸಿ ನಗುತ್ತಿದ್ದಳು. ಎಲ್ಲರಿಗೂ ಗೊತ್ತಿತ್ತು, ನನಗೆ ಮಾತ್ರ ತಿಳಿಯುತ್ತಿರಲಿಲ್ಲ. ನನಗೆ ಕಾಣುತ್ತಿದ್ದದ್ದು ಒಂದೇ, ಅವಳಿಗೆ ನನ್ನಷ್ಟು ಚೆನ್ನಾಗಿ ಮಾತು ಬರುವುದಿಲ್ಲ ಎಂಬುದು.

ನಾಟಕಕ್ಕೆ ಎರಡು ದಿನ ಇರುವಾಗ, ಮಧ್ಯಾಹ್ನ, ಬಾಗಿಲಲ್ಲಿ ರುಕ್ಮಿಣಿ ನಿಂತಿದ್ದಳು. ಕಾಕಾ ಕೆಲಸಕ್ಕೆ ಹೋಗಿದ್ದ, ಅವ್ವ ನೀರಿಗೆ ಸಾಲಿನಲ್ಲಿ ನಿಂತಿದ್ದಳು. ರುಕ್ಮಿಣಿಯ ಕೈಯಲ್ಲಿ ಹೂವಿನ ಬಟ್ಟೆಯಲ್ಲಿ ಹೊಲಿದ ಒಂದು ಸಣ್ಣ ಚೀಲ, ಬಾಯಿಗೆ ಕೆಂಪು ದಾರ. "ಇದನ್ನ ನಿಮ್ ಕಾಕಾನ ಕೈಗೇ ಕೊಡು ಪುಟ್ಟಿ. ನಾಟಕದ ದಿನ ಬೆಳಿಗ್ಗೆ ಎಂಟನೇ ಮೈಲಿ ಸ್ಟಾಪಲ್ಲಿ ಇಳೀತೀನಿ, ಅವ್ರೇ ಬಂದು ಕರ್ಕೊಂಡು ಹೋಗ್ಬೇಕಂತೆ ಅನ್ನು. ಬರ್ಲಿಲ್ಲ ಅಂದ್ರೆ ನಂಗೆ ಅರ್ಥ ಆಗತ್ತೆ" ಎಂದಳು. ನನ್ನ ಕೆನ್ನೆ ಚಿವುಟಿ, ತಿರುಗಿ ತಿರುಗಿ ನೋಡುತ್ತಾ ಹೋದಳು. ಚೀಲ ಬಿಚ್ಚಿದೆ, ಅಕ್ಕಿ. ನಾಟಕದಲ್ಲಿ ಅಕ್ಕಿ ತರಬೇಕಾದವನು ನಾಯಕ. ನೂರು ಸಲ ಆ ಮಾತು ಹೇಳಿದ್ದ ನನಗೇ, ನಾಯಕಿ ಅಕ್ಕಿ ತಂದರೆ ಏನರ್ಥ ಎಂಬುದು ಹೊಳೆಯಲಿಲ್ಲ. ಊರಿನ ಹೊಸ ಅಕ್ಕಿ ಇರಬೇಕು ಎಂದುಕೊಂಡೆ. ಹೊಳೆದದ್ದು ಬೇರೆ. ಕಾಕಾ ಕರೆಯಲು ಹೋಗದಿದ್ದರೆ ಇವಳು ಬರುವುದಿಲ್ಲ, ಇವಳು ಬರದಿದ್ದರೆ ನಾಯಕಿ ನಾನೇ. ಅಕ್ಕಿಯನ್ನು ಅವ್ವನ ಡಬ್ಬಿಗೆ ಸುರಿದೆ. ಚೀಲವನ್ನು ಹಿತ್ತಲ ನೀರೊಲೆಗೆ ತುರುಕುವಾಗ ಓನರಜ್ಜಿ ಕಂಡಳು. "ಅಂಗೆಲ್ಲ ಒಲೇಗ್ ಬಟ್ಟೆ ಆಕ್ಬಾರ್ದು ಕಣವ್ವ, ಮನೇಗ್ ಒಳ್ಳೇದಲ್ಲ" ಎಂದಳು. ಆ ಸಂಜೆ ಎಲ್ಲರೂ ಸಾರು ಅನ್ನ ಉಂಡೆವು. ಕಾಕಾ ಎರಡನೇ ಸಲ ಹಾಕಿಸಿಕೊಂಡ.

ನಾಟಕದ ದಿನ ಹನ್ನೊಂದು ಗಂಟೆಗೆ ಶುರುವಾಗಬೇಕಿತ್ತು. ಹನ್ನೆರಡಾದರೂ ರುಕ್ಮಿಣಿ ಇಲ್ಲ. ಮುಖಕ್ಕೆ ಬಣ್ಣ, ತಲೆಗೆ ಪೇಟ, ಕಾಕಾ ಗೇಟಿನ ಬಳಿಯೇ ನಿಂತಿದ್ದ. ಜನ ಕುರ್ಚಿ ಬಡಿಯತೊಡಗಿದರು. ಆಗ ನಾನು ಹೋಗಿ ಅವನ ಕೈ ಹಿಡಿದು "ಕಾಕಾ, ನನಗ ಎಲ್ಲಾ ಬರ್ತೈತಿ" ಎಂದೆ. ಅವ್ವನ ಇಳಕಲ್ ಸೀರೆಯನ್ನು ಮಡಚಿ ಮಡಚಿ ಪಿನ್ನು ಚುಚ್ಚಿ ನನಗೆ ಉಡಿಸಿದರು. ಹತ್ತು ವರ್ಷದ ಪೋರಿ ಸೊಂಟದ ಮೇಲೆ ಕೈಯಿಟ್ಟು ಅಕ್ಕಿ ಕೇಳಿದಾಗ ಜನ ಬಿದ್ದು ಬಿದ್ದು ನಕ್ಕರು. ಕಾಕಾ ನನ್ನೆದುರು ಮಂಡಿಯೂರಿ ಪ್ರೇಮದ ಮಾತುಗಳನ್ನೆಲ್ಲ ಒಂದೂ ಬಿಡದೆ ಹೇಳಿದ, ಕಣ್ಣು ಮಾತ್ರ ಗೇಟಿನ ಕಡೆಗಿತ್ತು. ನನಗೆ ಸ್ಟೀಲ್ ಡಬ್ಬಿ ಬಹುಮಾನ ಬಂತು. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿಲ್ಲ. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಆಮೇಲೆ ಕಾಕಾ ನಾಟಕ ಬರೆಯಲಿಲ್ಲ. ಹೆಣ್ಣು ನೋಡಲು ಕರೆದರೆ ಏನಾದರೊಂದು ನೆವ. ಅಪ್ಪ ಒತ್ತಾಯ ಮಾಡಿದಾಗ ಒಮ್ಮೆ ಮಾತ್ರ "ಆಕೀಗೆ ಮನಸ್ಸಿರಲಿಲ್ಲ, ಮುಗೀತು ಬಿಡಣ್ಣ" ಎಂದಿದ್ದ. ದೊಡ್ಡವಳಾದಂತೆ ನನಗೂ ಅನುಮಾನ ಬರದೇ ಇರಲಿಲ್ಲ. ಯಾರೋ ಕಲಾವಿದೆ ಒಂದು ನಾಟಕ ತಪ್ಪಿಸಿಕೊಂಡಳು, ಅಷ್ಟೇ ತಾನೇ ಎಂದು ಅದನ್ನು ಮುಚ್ಚಿಹಾಕಿದೆ. ಶೀಟಿನ ಮನೆಗಳು ಹೋಗಿ ಅಲ್ಲಿ ನಾಲ್ಕು ಮಹಡಿ ಎದ್ದಿತು. ಓನರಜ್ಜಿ ಹೋದಳು, ಅಪ್ಪ ಅವ್ವ ಹೋದರು. ಮೂರು ವರ್ಷದ ಹಿಂದೆ ಕಾಕಾನೂ ಹೋದ.

ಸಿನಿಮಾಕ್ಕೆ ಮರಳುತ್ತೇನೆ. ಮಹಾರಾಜರ ಕಾಲದ ಕಥೆ, ಪ್ರೀತಿಗೆ ಬಿದ್ದ ಒಬ್ಬ ನಾಟಕಕಾರನ ಪೇಚಾಟ. ಮೊದಲರ್ಧ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆ. ವಿರಾಮದ ನಂತರ ನಾಯಕಿ ಸೊಂಟದ ಮೇಲೆ ಕೈಯಿಟ್ಟು "ಕವಿಗಳೇ" ಎಂದಳು. ನನ್ನ ತುಟಿ ತಾನಾಗಿ ಅಲ್ಲಾಡಿತು. ಚಂದ್ರ, ಒಂದು ಸೇರು ಅಕ್ಕಿ, ಮಣೆ, ಒಂದಕ್ಷರವೂ ಬದಲಾಗಿಲ್ಲ, ಅವಳಿಗಿಂತ ಒಂದು ಮಾತು ಮುಂದೆಯೇ ನಾನು ಹೇಳುತ್ತಿದ್ದೆ. "ಅಮ್ಮಾ, ಮೊನ್ನೆ ತಾನೇ ರಿಲೀಸ್ ಆಗಿರೋದು, ನಿಂಗೆ ಹೇಗ್ ಗೊತ್ತು?" ಎಂದು ನಿಧಿ ಗಾಬರಿಯಾದಳು. ಅಷ್ಟರಲ್ಲಿ ತೆರೆಯ ಮೇಲೆ ನಾಯಕಿ ನಾಟಕಕಾರನ ಮನೆಗೆ ಬಂದಳು. ಕೈಯಲ್ಲಿ ಹೂವಿನ ಬಟ್ಟೆಯ ಚೀಲ, ಬಾಯಿಗೆ ಕೆಂಪು ದಾರ. ಬಾಗಿಲಲ್ಲಿ ಎರಡು ಜಡೆಯ ಒಂದು ಹುಡುಗಿ. "ಅವರು ಅಕ್ಕಿ ತರೋವರೆಗೂ ಕಾದ್ರೆ ನಾನು ಮುದುಕಿ ಆಗ್ತೀನಿ, ಅದಕ್ಕೇ ನಾನೇ ತಂದೆ. ಒಪ್ಪಿಗೆ ಅಂತ ಹೇಳು" ಎಂದಳು ನಾಯಕಿ. ಹಾಲಿಗೆ ಹಾಲೇ ಚಪ್ಪಾಳೆ ತಟ್ಟಿತು. ಒಪ್ಪಿಗೆ. ಅದು ಒಪ್ಪಿಗೆಯಾಗಿತ್ತು. ಈಗ ಈ ಹುಡುಗಿ ಅಕ್ಕಿ ಬಚ್ಚಿಡುತ್ತಾಳೆ, ನನ್ನ ಕಳ್ಳತನ ಇಷ್ಟು ಜನರೆದುರು ಬಯಲಾಗುತ್ತದೆ ಎಂದು ಕಣ್ಣು ಮುಚ್ಚಿಕೊಂಡೆ. ಜನ ಮತ್ತೆ ನಕ್ಕಿದ್ದು ಕೇಳಿ ಕಣ್ಣು ಬಿಟ್ಟರೆ ಆ ಹುಡುಗಿ ಚೀಲ ಎದೆಗವಚಿಕೊಂಡು ಓಡುತ್ತಿದ್ದಾಳೆ. ಸಂತೆಯೊಳಗೆ ನುಗ್ಗಿ, ಎತ್ತಿನಗಾಡಿ ಹತ್ತಿ ಇಳಿದು, ಬಿದ್ದು ಎದ್ದು, ಒಂದು ಕಾಳೂ ಚೆಲ್ಲದ ಹಾಗೆ ತಂದು ನಾಟಕಕಾರನ ಕೈಗೇ ಕೊಟ್ಟಳು.

ಬಯಲಾಗಿದ್ದರೇ ವಾಸಿಯಿತ್ತು. ರುಕ್ಮಿಣಿ ನನ್ನ ಮೇಲೆ ಒಂದು ಕ್ಷಣವೂ ಅನುಮಾನ ಪಟ್ಟಿರಲಿಲ್ಲ. ಅಕ್ಕಿ ಕಾಕಾನ ಕೈಗೆ ತಲುಪಿತು, ಆದರೂ ಅವನು ಕರೆಯಲು ಬರಲಿಲ್ಲ ಎಂದೇ ತಿಳಿದು ಎಂಟನೇ ಮೈಲಿಯಿಂದ ವಾಪಸ್ಸು ಬಸ್ಸು ಹತ್ತಿದ್ದಳು. ಸಿನಿಮಾದ ಕೊನೆಯಲ್ಲಿ ನಿರ್ದೇಶಕ ಒಂದು ಕಪ್ಪುಬಿಳುಪು ಫೋಟೋ ಹಾಕಿದ್ದ, ಕೆಳಗೆ "ನಮ್ಮಮ್ಮ ಹೇಳುತ್ತಿದ್ದ ಕಥೆ" ಎಂದಿತ್ತು. ಫೋಟೋದಲ್ಲಿ ರುಕ್ಮಿಣಿ, ಹಣೆಯಲ್ಲಿ ದೊಡ್ಡ ಕುಂಕುಮ, ಫೋಟೋಗೆ ಮಲ್ಲಿಗೆಯ ಹಾರ. ಅವಳಿಗೂ ಹೇಳುವ ಹಾಗಿಲ್ಲ.

"ಕಾಮಿಡಿ ಸಿನಿಮಾಗೆ ಯಾರಾದ್ರೂ ಹೀಗ್ ಅಳ್ತಾರಾ ಅಮ್ಮ?" ಎಂದು ನಿಧಿ ಮೆಟ್ರೋ ಸ್ಟೇಷನ್ನಿನ ಬೆಂಚಿನ ಮೇಲೆ ನನ್ನನ್ನು ಕೂರಿಸಿದಳು. ಅಲ್ಲೇ ಎಲ್ಲವನ್ನೂ ಹೇಳಿದೆ. ಈ ಜನ್ಮದಲ್ಲಿ ಮೊದಲ ಸಲ ಬಾಯಿಬಿಟ್ಟದ್ದು. ಎರಡು ರೈಲು ಬಂದು ಹೋದವು. ನಿಧಿ ನನ್ನ ಬೆನ್ನು ಸವರುತ್ತಾ "ಬಿಡಮ್ಮ, ನಿಂಗೆ ಆಗ ಹತ್ತು ವರ್ಷ, ಏನ್ ಗೊತ್ತಾಗತ್ತೆ" ಎಂದಳು.

ಹೌದು, ಹತ್ತು ವರ್ಷ. ಆದರೆ ಆಮೇಲೆ ನನಗೆ ಹದಿನೆಂಟಾಯಿತು, ಮೂವತ್ತಾಯಿತು, ನಲವತ್ತೂ ಆಯಿತು. ಕಾಕಾ ಸಾಯುವ ತನಕ ಪ್ರತಿ ಭಾನುವಾರ ನಮ್ಮ ಮನೆಗೇ ಊಟಕ್ಕೆ ಬರುತ್ತಿದ್ದ, ನನ್ನೆದುರಿಗೇ ಕೂರುತ್ತಿದ್ದ.